ಪೀಣ್ಯದ ಒಂದು ಕಡತ ಪರದೆಗೆ ಬಂದಾಗ

1998ರ ಫೆಬ್ರವರಿ 28. ಪೀಣ್ಯದಲ್ಲಿ ಆಟ ಮುಗಿಸಿ ಮನೆಗೆ ಬಂದ ಏಳು ವರ್ಷದ ಹುಡುಗನಿಗೆ ಒಳಗೆ ಅಪರಿಚಿತನೊಬ್ಬ ಕಂಡ. ನಿಮ್ಮಮ್ಮನಿಗೆ ದೆವ್ವ ಮೆಟ್ಟಿಕೊಂಡಿದೆ, ಅದಕ್ಕೇ ಕಟ್ಟಿಹಾಕಿದ್ದೇನೆ, ಡಾಕ್ಟರನ್ನು ಕರೆದುಕೊಂಡು ಬರುತ್ತೇನೆ ಎಂದು ಹೇಳಿ ಅವನು ಹೊರಟುಹೋದ. ಅತ್ಯಾಚಾರ, ಕೊಲೆ, ದರೋಡೆಯ ಈ ಪ್ರಕರಣದಲ್ಲಿ ಉಮೇಶ್ ರೆಡ್ಡಿಗೆ 2006ರಲ್ಲಿ ಮರಣದಂಡನೆ ವಿಧಿಸಲಾಯಿತು. ಆ ಮಗುವಿನ ಮಾತು ಕೋರ್ಟಿನಲ್ಲಿ ಸಾಕ್ಷ್ಯವಾಯಿತು.

ಈ ಅಪರಾಧಿಯ ಕಥೆ 2022ರ ಡಿಸೆಂಬರ್ 16ರಂದು ನೆಟ್‌ಫ್ಲಿಕ್ಸ್‌ನಲ್ಲಿ ‘ಬೀಸ್ಟ್ ಆಫ್ ಬ್ಯಾಂಗಳೂರ್’ ಎಂಬ ಸಾಕ್ಷ್ಯಚಿತ್ರ ಸರಣಿಯಾಗಿ ಬಂತು. ನಿರ್ಮಿಸಿದ್ದು ವೈಸ್ ಸಂಸ್ಥೆಯ ಸ್ಟುಡಿಯೊ. ಇಂಥ ನಿರ್ಮಾಣ ಸಂಸ್ಥೆಗಳಿಗೆ ಸ್ವಂತ ವಾಹಿನಿ ಇರಬೇಕೆಂದಿಲ್ಲ. ಪ್ರಕರಣ ಆರಿಸಿ, ಮಾತನಾಡುವವರನ್ನು ಹುಡುಕಿ, ಚಿತ್ರ ಮಾಡಿ ವಾಹಿನಿಗೋ ಒಟಿಟಿಗೋ ಒಪ್ಪಿಸುತ್ತವೆ. ಆದರೆ ಅವರ ನಿಜವಾದ ಬಂಡವಾಳ ಕೋರ್ಟಿನ ಕಡತ. ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಪ್ರಕಟಿಸಲು ಯಾರ ಒಪ್ಪಿಗೆಯೂ ಬೇಡ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಕೊಲೆ ಅಪರಾಧಿ ಆಟೊ ಶಂಕರ್‌ನ ಆತ್ಮಕಥೆಯ ಪ್ರಕರಣದಲ್ಲಿ ಹೇಳಿತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರನ್ನು ಮಾತ್ರ ಅದೇ ತೀರ್ಪು ಹೊರಗಿಟ್ಟಿತು.

ಪೀಣ್ಯದ ಕಡತವನ್ನು ಕೊನೆಯ ಹಾಳೆಯವರೆಗೆ ಓದಬೇಕು ಎಂದು ನಾನು ಹೇಳುವುದು ಇದಕ್ಕೇ: ಅದರಲ್ಲಿ ಕೊಲೆಗಾರನ ತಪ್ಪಿನ ಜೊತೆಗೆ ಸರ್ಕಾರದ ತಪ್ಪೂ ದಾಖಲಾಗಿದೆ. ಗಲ್ಲು ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು, 2013ರಲ್ಲಿ ರಾಷ್ಟ್ರಪತಿಗಳು ಕ್ಷಮಾದಾನದ ಅರ್ಜಿ ತಿರಸ್ಕರಿಸಿದರು. ಆದರೆ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವನನ್ನು ಸುಮಾರು 10 ವರ್ಷ ಒಂಟಿ ಕೋಣೆಯಲ್ಲಿ ಇಡಲಾಗಿತ್ತು. ಕ್ಷಮಾದಾನದ ಅರ್ಜಿ ಇತ್ಯರ್ಥವಾಗುವ ತನಕ ಹಾಗೆ ಪ್ರತ್ಯೇಕಿಸಿಡುವಂತಿಲ್ಲ ಎಂದು 1978ರ ಸುನಿಲ್ ಬಾತ್ರಾ ತೀರ್ಪಿನಲ್ಲೇ ಇತ್ತು. ಹೀಗಾಗಿ 2022ರ ನವೆಂಬರ್ 4ರಂದು ಶಿಕ್ಷೆ ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಯಿತು. ಆರು ವಾರದಲ್ಲಿ ಸರಣಿ ಬಂತು.

ಇವನು ಪೊಲೀಸರ ವಶದಿಂದ ಒಂದಕ್ಕಿಂತ ಹೆಚ್ಚು ಸಲ ತಪ್ಪಿಸಿಕೊಂಡವನು, ಸ್ವತಃ ಸಮವಸ್ತ್ರ ತೊಟ್ಟಿದ್ದವನು. ಅವನನ್ನು ‘ಮೃಗ’ ಎಂದು ಕರೆಯುವ ಶೀರ್ಷಿಕೆ ನನಗೆ ಹಿಡಿಸುವುದಿಲ್ಲ. ಮೃಗ ಎಂದುಬಿಟ್ಟರೆ ಕಾವಲಿದ್ದವರು ಏನು ಮಾಡುತ್ತಿದ್ದರು ಎಂದು ಕೇಳುವವರೇ ಇರುವುದಿಲ್ಲ.

ನಡೆದದ್ದನ್ನು ನಟರಿಂದ ಆಡಿಸಿ ತೋರಿಸುವುದು ಈ ಕಸುಬಿನ ಅತಿ ಸೂಕ್ಷ್ಮವಾದ ಭಾಗ. ಎರಾಲ್ ಮಾರಿಸ್ 1988ರ ‘ದಿ ಥಿನ್ ಬ್ಲೂ ಲೈನ್’ ಚಿತ್ರದಲ್ಲಿ ಡಲ್ಲಾಸ್‌ನ ಪೊಲೀಸ್ ಅಧಿಕಾರಿಯ ಕೊಲೆಯನ್ನು ಒಬ್ಬೊಬ್ಬ ಸಾಕ್ಷಿ ಹೇಳಿದ ಹಾಗೆ ಬೇರೆ ಬೇರೆಯಾಗಿ ಮತ್ತೆ ಮತ್ತೆ ತೋರಿಸಿದರು. ಸಾಕ್ಷಿಗಳ ಮಾತು ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ನೋಡುಗರ ಕಣ್ಣೆದುರೇ ಬಯಲಾಯಿತು. ಮಾಡದ ತಪ್ಪಿಗೆ ಜೈಲಿನಲ್ಲಿದ್ದ ರ‍್ಯಾಂಡಲ್ ಆಡಮ್ಸ್ ಮರುವರ್ಷ ಹೊರಬಂದರು. ಅದೇ ತಂತ್ರವನ್ನು ಬೆಚ್ಚಿಬೀಳಿಸುವುದಕ್ಕೆಂದೇ ಬಳಸಿದರೆ ಸತ್ತವರನ್ನು ಮತ್ತೊಮ್ಮೆ ಕೊಂದಂತೆ.

ಅತ್ಯಾಚಾರಕ್ಕೆ ಒಳಗಾದವರು ತೀರಿಕೊಂಡಿದ್ದರೂ ಹೆಸರು ಹೇಳುವಂತಿಲ್ಲ ಎಂದು 2018ರ ನಿಪುಣ್ ಸಕ್ಸೇನಾ ತೀರ್ಪು ಖಚಿತಪಡಿಸಿತು. ಗುರುತು ಬಿಟ್ಟುಕೊಡುವ ಯಾವ ವಿವರವೂ ಕೂಡದು. ಹೆಸರು ಮುಚ್ಚಿ ಬೀದಿ ತೋರಿಸಿದರೆ ಏನು ಬಂತು? ವರ್ಕ್‌ಶಾಪ್‌ಗಳ ನಡುವಿನ ವಠಾರ, ಬಾಗಿಲಿನ ಬಣ್ಣ, ಪಕ್ಕದ ಗುಡಿ ಇಷ್ಟು ಕಂಡರೆ ಸಾಕು, ಅಕ್ಕಪಕ್ಕದವರಿಗೆ ಮನೆ ಗೊತ್ತಾಗುತ್ತದೆ. ಬೇರೆ ಊರಲ್ಲಿ ಬಾಡಿಗೆ ಮನೆ ಹಿಡಿದು ಚಿತ್ರೀಕರಿಸುವುದೇ ಸರಿ. ಏಕೆಂದರೆ ಆ ಹುಡುಗನಿಗೆ ಸರಣಿ ಬಂದ ವರ್ಷ ಸುಮಾರು 31 ತುಂಬಿರಬೇಕು. ತನ್ನ ಮನೆಯ ಬಾಗಿಲು ಅವನ ಫೋನಿನಲ್ಲೇ ಅವನಿಗೆ ಕಾಣಬಹುದು.