ಕಾಗೆ ಮುಟ್ಟಿಲ್ಲ, ಮಗಳೇ

ಕಳೆದ ತಿಂಗಳು ಒಂದು ಭಾನುವಾರ ಸಂಜೆ ಮಗಳಿಗೆ ಸ್ಕೂಲ್ ಬ್ಯಾಗ್ ಕೊಳ್ಳಲು ಟಿ. ನಗರದ ಪಾಂಡಿ ಬಜಾರಿಗೆ ಹೊರಟಿದ್ದೆವು. ದಾರಿಯಲ್ಲಿ ಕಲ್ಯಾಣ ಮಂಟಪವೊಂದರ ಮುಂದೆ ದೊಡ್ಡ ಫ್ಲೆಕ್ಸ್. ಅದರಲ್ಲಿ ರೇಷ್ಮೆ ಸೀರೆ ಉಟ್ಟ ಪುಟ್ಟ ಹುಡುಗಿ. ನಾನು ತಮಿಳು ಮಾತಾಡಬಲ್ಲೆ, ಓದಲು ತಡವರಿಸುತ್ತೇನೆ. ಶಾಲೆಯಲ್ಲಿ ತಮಿಳು ಕಲಿಯುವ 11 ವರ್ಷದ ಮಗಳು ಗಟ್ಟಿಯಾಗಿ ಓದಿದಳು: “ಮಂಜಳ್ ನೀರಾಟ್ಟು ವಿಳಾ.” ಆಮೇಲೆ ಕೇಳಿದಳು, “ಅಪ್ಪಾ, ಅರಿಸಿನದ ನೀರಲ್ಲಿ ಸ್ನಾನ ಮಾಡ್ಸೋಕೆ ಇಷ್ಟು ಜನರನ್ನ ಯಾಕೆ ಕರೀತಾರೆ?”

“ಅಮ್ಮನ್ನ ಕೇಳು” ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಅಕ್ಕ ನೆನಪಾದಳು.

ತಿಪಟೂರಿನ ನಮ್ಮ ಮನೆಯಲ್ಲಿ ಅಕ್ಕ ದೊಡ್ಡವಳಾದಾಗ ನನಗೆ 9 ವರ್ಷ. ಹಜಾರದ ಮೂಲೆಯಲ್ಲಿ ಅವಳಿಗೊಂದು ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಅಕ್ಕಪಕ್ಕದವರು ಚಿಗಳಿ, ಕೊಬ್ಬರಿ-ಬೆಲ್ಲ ತಂದು ಆರತಿ ಎತ್ತಿದರು. ಏನಾಯಿತೆಂದು ಕೇಳಿದರೆ ಅಜ್ಜಿ, “ಕಾಗೆ ಮುಟ್ಟಿದೆ, ಹತ್ರ ಹೋಗ್ಬೇಡ” ಎಂದರು. ಎಷ್ಟೋ ದಿನ ನಾನು ಕಾಗೆ ಕಂಡರೆ ಓಡುತ್ತಿದ್ದೆ. ಅದು ನಗುವ ಮಾತಾಯಿತು. ಆದರೆ ಅವತ್ತು ಅಕ್ಕ ತನಗೆ ಯಾವುದೋ ದೊಡ್ಡ ರೋಗ ಬಂದಿದೆ, ಸಾಯುತ್ತೇನೆ ಎಂದುಕೊಂಡಿದ್ದಳಂತೆ. ಆರತಿ ಎತ್ತಿದವರಲ್ಲಿ ಒಬ್ಬರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ.

ಪಾಂಡಿ ಬಜಾರಿನಲ್ಲಿ 2019ರಲ್ಲಿ ಪಾದಚಾರಿಗಳಿಗೆಂದು ಅಗಲ ಮಾಡಿದ ಫುಟ್‌ಪಾತಿನ ಮೇಲೆ ಒಂದು ಬೆಂಚು ಹಿಡಿದು ಕೂತೆವು.

“ಪೀರಿಯಡ್ಸ್ ಗೊತ್ತಾ?”

“ಗೊತ್ತು, ಕ್ಲಾಸಲ್ಲಿ ಹೇಳಿದಾರೆ.”

“ಕನ್ನಡದಲ್ಲಿ ಅದಕ್ಕೆ ಮುಟ್ಟು ಅಂತಾರೆ.”

“ಮುಟ್ಟು ಅಂದ್ರೆ ಟಚ್ ಅಲ್ವಾ?”

ಮುಟ್ಟಾದವರನ್ನು ಮುಟ್ಟಬಾರದೆಂದ ಊರಿನವನು ನಾನು. ಏನು ಹೇಳಲಿ? ನೇರವಾಗಿಯೇ ಹೇಳಿದೆ. ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13ರೊಳಗೆ ಮೈ ಬದಲಾಗತೊಡಗುತ್ತದೆ. ಮೊದಲು ಎದೆ ಬೆಳೆಯುತ್ತದೆ, ಅದಾಗಿ ಸುಮಾರು ಎರಡು ವರ್ಷಕ್ಕೆ ಮುಟ್ಟು ಬರುತ್ತದೆ. ಗರ್ಭಕೋಶದ ಒಳಪದರ ಕಳಚಿ ಹೊರಬರುವ ರಕ್ತ ಅದು. ಗಾಯವಲ್ಲ, ಮೈಲಿಗೆಯೂ ಅಲ್ಲ. ಮೊದಲೊಂದೆರಡು ವರ್ಷ ತಿಂಗಳ ಲೆಕ್ಕ ತಪ್ಪುವುದೂ ಸಹಜ. 8ಕ್ಕೆ ಮೊದಲೇ ಮೈ ಬದಲಾಗತೊಡಗಿದರೆ ಅಥವಾ 15 ತುಂಬಿದರೂ ಮುಟ್ಟು ಬಾರದಿದ್ದರೆ ಡಾಕ್ಟರಿಗೆ ತೋರಿಸಬೇಕು, ಅಷ್ಟೇ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ನಂಗೂ ಬ್ಯಾನರ್ ಹಾಕಿಸ್ತೀಯಾ?”

“ನೀನು ಬೇಡ ಅಂದ್ರೆ ಇಲ್ಲ.”

“ಬೇಡ. ಆದ್ರೆ ಚಿಗಳಿ ಬೇಕು.”

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಹೊಸ ಬ್ಯಾಗಿನ ಒಳಜೇಬಿನಲ್ಲಿ ಎರಡು ಪ್ಯಾಡ್ ಇಟ್ಟು, ಬಳಸುವುದನ್ನು ಮಗಳಿಗೆ ತೋರಿಸಿದಳು. ಮಗನಿಗೂ ಈಗ 9 ವರ್ಷ, ಅಂದು ನನಗಿದ್ದಷ್ಟೇ. ಅವನನ್ನೂ ಕೂರಿಸಿಕೊಂಡು ಅಕ್ಕನ ವಿಷಯ ಹೇಳಿದೆ, ಮುಂದೆ ಅವನ ದನಿ ಒಡೆಯುವುದನ್ನೂ ಮೀಸೆ ಮೂಡುವುದನ್ನೂ ಹೇಳಿದೆ.

ಶಾಲಾ ಹುಡುಗಿಯರಿಗೆ ಪ್ಯಾಡ್ ಕೊಡಲು ಕರ್ನಾಟಕದಲ್ಲಿ ‘ಶುಚಿ’, ಇಲ್ಲಿ ‘ಪುದು ಯುಗಂ’ ಎಂಬ ಯೋಜನೆಗಳಿವೆ. ಸರ್ಕಾರಗಳೇ ಸಂಕೋಚ ಬಿಟ್ಟಿವೆ. ಊರು ಬಿಟ್ಟು ಬಂದ ನಮ್ಮ ಮಕ್ಕಳು ಮೈಯ ಪಾಠವನ್ನು ಇಂಗ್ಲಿಷಿನಲ್ಲಿ ಕಲಿಯುತ್ತಾರೆ. ಕನ್ನಡದಲ್ಲಿ ಅವರಿಗೆ ಸಿಗುವುದು ಪಿಸುಮಾತು ಮಾತ್ರ. ಹೆದರಿಕೆಯಾದಾಗ ಮಗು ಮನೆಮಾತಿನಲ್ಲೇ ಕರೆಯುತ್ತದೆ. ಉತ್ತರವೂ ಆ ಮಾತಿನಲ್ಲೇ ಸಿಗಲಿ, ಅಪ್ಪನ ಬಾಯಿಂದಲೂ ಸಿಗಲಿ.