ಹಳೇ ಕ್ಯಾಮೆರಾಗೆ ಹೊಸ ಸ್ಕ್ರೀನ್: ಬೆಳಕು ಜಾಸ್ತಿ ಅಂದ್ರೆ ಫೋಕಸ್ ಸರಿ ಅಂತಲ್ಲ

ಹಳೇ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಕೊಂಡವರಿಗೆ ಸಿಗುವ ಮೊದಲ ಸಲಹೆ ಸಾಮಾನ್ಯವಾಗಿ ಒಂದೇ: "ಸ್ಕ್ರೀನ್ ಡಲ್ ಇದೆ, ಬ್ರೈಟ್ ಸ್ಕ್ರೀನ್ ಹಾಕ್ಸಿಬಿಡಿ." ಹಾಕಿಸಿದ ದಿನ ಖುಷಿಯಾಗುತ್ತೆ, ಮೇಲಿಂದ ಇಣುಕಿದರೆ ಎಲ್ಲ ಫಳಫಳ. ಆದರೆ ಫಿಲ್ಮ್ ತೊಳೆದು ಬಂದಾಗ ಮುಖ ಮಸುಕಾಗಿರಬಹುದು. 6×6 ಸೆಂ.ಮೀ. ಚೌಕದಲ್ಲಿ ಒಂದು 120 ರೋಲ್‌ಗೆ ಸಿಗೋದು 12 ಫ್ರೇಮ್ ಮಾತ್ರ. ಫಿಲ್ಮ್, ಡೆವಲಪಿಂಗ್, ಸ್ಕ್ಯಾನಿಂಗ್ ಸೇರಿಸಿದರೆ ಪ್ರತಿ ಕ್ಲಿಕ್ಕೂ ದುಡ್ಡು. ಹಾಗಾಗಿ ನನ್ನ ವಾದ ಇಷ್ಟೇ: ಸ್ಕ್ರೀನ್ ಎಷ್ಟು ಬೆಳಗುತ್ತೆ ಅನ್ನೋದು ಎರಡನೇ ಪ್ರಶ್ನೆ. ಅದು ಸರಿಯಾದ ಜಾಗದಲ್ಲಿ ಕೂತಿದೆಯಾ ಅನ್ನೋದು ಮೊದಲನೇದು.

ನಾನು ಬಳಸೋದು ಯಾಶಿಕಾ ಮ್ಯಾಟ್ 124ಜಿ. ಇದರಲ್ಲಿ ಎರಡು ಲೆನ್ಸ್: ಕೆಳಗಿನದು ಫಿಲ್ಮಿಗೆ, ಮೇಲಿನದು ನಮ್ಮ ಕಣ್ಣಿಗೆ. ಮೇಲಿನ ಲೆನ್ಸಿನಿಂದ ಬಂದ ಬೆಳಕು ಓರೆಯಾಗಿ ಕೂತ ಕನ್ನಡಿಗೆ ಬಡಿದು ಮೇಲಕ್ಕೆ ತಿರುಗಿ, ಸ್ಕ್ರೀನ್ ಮೇಲೆ ಚಿತ್ರವಾಗುತ್ತೆ. ಒಂದೇ ಲೆನ್ಸಿನ ಹ್ಯಾಸಲ್‌ಬ್ಲಾಡ್‌ನಲ್ಲೂ ತತ್ವ ಇದೇ. ಸ್ಕ್ರೀನ್ ಮೇಲೆ ಚಿತ್ರ ಚೂಪಾದ ಗಳಿಗೆಯಲ್ಲೇ ಫಿಲ್ಮಿನ ಮೇಲೂ ಚೂಪಾಗಬೇಕು.

ತಪ್ಪು ಸ್ಕ್ರೀನಿನದ್ದೇನಾ?

ಖರ್ಚು ಮಾಡೋ ಮೊದಲು ಕನ್ನಡಿ ನೋಡಿ. ದಶಕಗಳ ಧೂಳು, ಮಂಕಾದ ಲೇಪ, ಮೇಲಿನ ಲೆನ್ಸಿನೊಳಗಿನ ಫಂಗಸ್, ಇವೆಲ್ಲ ಸೇರಿ ನುಂಗುವ ಬೆಳಕು ಕಡಿಮೆ ಏನಲ್ಲ. ಈ ಕನ್ನಡಿಯ ಲೇಪ ಮನೆಯ ಕನ್ನಡಿಯಂತೆ ಗಾಜಿನ ಹಿಂದಿರಲ್ಲ, ಮುಂಭಾಗದಲ್ಲೇ ಇರುತ್ತೆ. ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳೋದು ಖಚಿತ. ಗಾಳಿ ಊದುವ ಬ್ಲೋಯರ್ ಸಾಕು.

ಬೆಳಕು ಎಲ್ಲಿಂದ ಬಂತು?

ಸ್ಕ್ರೀನ್ ಹೊಸದಾಗಿ ಬೆಳಕು ಹುಟ್ಟಿಸಲ್ಲ, ಇರೋದನ್ನ ಹಂಚುತ್ತೆ ಅಷ್ಟೇ. ಹಳೇ ಗ್ರೌಂಡ್ ಗ್ಲಾಸ್ ಅಂದ್ರೆ ಬಾತ್‌ರೂಮ್ ಕಿಟಕಿಯ ಗಾಜಿನ ನಯವಾದ ರೂಪ. ಅದು ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತೆ, ಕಣ್ಣಿಗೆ ಬರೋದು ಸ್ವಲ್ಪ. ಮೂಲೆಗಳ ಬೆಳಕಂತೂ ಹೊರಗಡೆಗೇ ಓಡಿಬಿಡುತ್ತೆ, ಅದಕ್ಕೇ ಮೂಲೆ ಕತ್ತಲು. ಜೊತೆಗೊಂದು ಫ್ರೆನೆಲ್ ಹಾಳೆ ಇಟ್ಟರೆ, ಅದರ ಉಂಗುರ ಉಂಗುರದ ಗೀರುಗಳು ಮೂಲೆಯ ಬೆಳಕನ್ನೂ ಕಣ್ಣಿನ ಕಡೆಗೆ ಬಾಗಿಸುತ್ತವೆ.

ಆಧುನಿಕ ಬ್ರೈಟ್ ಸ್ಕ್ರೀನ್‌ಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಚೆಲ್ಲುವಿಕೆಯನ್ನೇ ಕಡಿಮೆ ಮಾಡುತ್ತವೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಲೆನ್ಸಿನ ಅಂಚಿನಿಂದ ಓರೆಯಾಗಿ ಬರುವ ಕಿರಣಗಳು ಕಣ್ಣಿಗೆ ಸರಿಯಾಗಿ ತಲುಪಲ್ಲ. ಎಫ್ 2.8 ಲೆನ್ಸ್ ಇದ್ದರೂ ಇನ್ನೂ ಸಣ್ಣ ರಂಧ್ರದಲ್ಲಿ ನೋಡಿದ ಹಾಗೆ, ಫೋಕಸ್ ಹಿಂದೆ ಮುಂದೆ ಇದ್ದಾಗಲೂ ಎಲ್ಲ ಚೂಪಾಗೇ ಕಾಣುತ್ತೆ. "ಇದೇ ಫೋಕಸ್" ಅಂತ ಕಣ್ಣಿಗೆ ಟಕ್ಕಂತ ಹೊಡೆಯೋದು ಕಡಿಮೆಯಾಗುತ್ತೆ. ಹ್ಯಾಸಲ್‌ಬ್ಲಾಡ್‌ಗಾಗಿ ಮಿನೋಲ್ಟಾ ಮಾಡಿಕೊಟ್ಟ ಅಕ್ಯೂಟ್ ಮ್ಯಾಟ್‌ಗೆ ಇಷ್ಟು ಹೆಸರಿರೋದು ಬೆಳಕು ಮತ್ತು ಈ ಟಕ್ಕು ಎರಡನ್ನೂ ತಕ್ಕಮಟ್ಟಿಗೆ ತೂಗಿಸಿದ್ದಕ್ಕೆ.

ಮಿಲಿಮೀಟರಿನ ಮೂರನೇ ಒಂದು ಭಾಗ

ಈಗ ಒಂಚೂರು ಇಂಜಿನಿಯರಿಂಗ್ ಲೆಕ್ಕ. 80 ಎಂಎಂ ಲೆನ್ಸ್, ಒಂದು ಮೀಟರ್ ದೂರದಲ್ಲಿ ಮುಖ. ಸ್ಕ್ರೀನ್ ಬರೀ 0.3 ಮಿ.ಮೀ. ಮೇಲೋ ಕೆಳಗೋ ಆದರೆ ಫೋಕಸ್ ಬೀಳುವ ಜಾಗ ಸುಮಾರು 4 ಸೆಂ.ಮೀ. ಜರುಗುತ್ತೆ. ಎಫ್ 3.5ರಲ್ಲಿ ಚೂಪಾಗಿರೋದು ಹಿಂದೆ ಮುಂದೆ ಸುಮಾರು ಎರಡೂವರೆ ಸೆಂ.ಮೀ. ನೀವು ಕಣ್ಣಿಗೆ ಫೋಕಸ್ ಮಾಡಿರ್ತೀರಿ, ಚೂಪಾಗಿ ಬರೋದು ಮೂಗಿನ ತುದಿ.

0.3 ಮಿ.ಮೀ. ವ್ಯತ್ಯಾಸ ಎಲ್ಲಿಂದ ಬರುತ್ತೆ ಅಂತೀರಾ? ಬಹಳ ಸುಲಭವಾಗಿ ಬರುತ್ತೆ. ಗಾಜು ಅಥವಾ ಅಕ್ರಿಲಿಕ್ ಬೆಳಕಿನ ದಾರಿಗೆ ಅಡ್ಡ ಬಂದರೆ ಚಿತ್ರ ಬೀಳುವ ಜಾಗ ಆ ಹಾಳೆಯ ದಪ್ಪದ ಮೂರನೇ ಒಂದರಷ್ಟು ಹಿಂದಕ್ಕೆ ಸರಿಯುತ್ತೆ. ಅಂದ್ರೆ ಚಿತ್ರ ಮೂಡುವ ಒರಟು ಮುಖದ ಕೆಳಗೆ 1 ಮಿ.ಮೀ. ಹಾಳೆ ಸೇರಿಸಿದರೂ ಸಾಕು, ಇದ್ದದ್ದನ್ನ ತೆಗೆದರೂ ಸಾಕು. ಹಾಳೆಯನ್ನ ತಲೆಕೆಳಗಾಗಿ ಕೂರಿಸಿದರೆ ಒರಟು ಮುಖದ ಜಾಗವೇ ಬದಲಾಗಿ ವ್ಯತ್ಯಾಸ ಇನ್ನೂ ಹೆಚ್ಚುತ್ತೆ. ಅದಕ್ಕೇ ಹಳೇ ಸ್ಕ್ರೀನ್ ಬಿಚ್ಚುವಾಗ ಪ್ರತಿ ಪದರದ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಯಾವುದರ ಮೇಲೆ ಯಾವುದು, ಒರಟು ಮುಖ ಯಾವ ಕಡೆ, ಅಡಿಯಲ್ಲಿ ತೆಳು ಪಟ್ಟಿ ಇತ್ತಾ ಅನ್ನೋದು ಗೊತ್ತಿರಲಿ. ವರ್ನಿಯರ್ ಕ್ಯಾಲಿಪರ್‌ನಲ್ಲಿ ದಪ್ಪ ಅಳೆಯಿರಿ. ನಿಮ್ಮ ಮಾಡೆಲ್‌ಗೇ ಅಂತ ಮಾಡಿದ ಸ್ಕ್ರೀನ್ ಸಿಕ್ಕರೆ, ಬೇರೆ ಕ್ಯಾಮೆರಾದ್ದನ್ನ ಕತ್ತರಿಸಿ ಕೂರಿಸುವ ಉಸಾಬರಿ ಬೇಡ.

ಯಾರಿಗೆ ಯಾವುದು?

ನಡುವೆ ಎರಡು ಹೋಳಾಗಿ ಕಾಣುವ ಸ್ಪ್ಲಿಟ್ ಇಮೇಜ್, ಕಂಬ, ಬಾಗಿಲಿನಂಥ ನೇರ ಗೆರೆಗಳಿಗೆ ಒಳ್ಳೇದು. ಆದರೆ ಎಫ್ 5.6ರ ಆಸುಪಾಸಿನ ಅಥವಾ ಅದಕ್ಕಿಂತ ನಿಧಾನದ ಲೆನ್ಸ್ ಹಾಕಿದರೆ ಒಂದು ಹೋಳು ಕಪ್ಪಾಗುತ್ತೆ. ಮುಖವನ್ನ ಚೌಕಟ್ಟಿನ ಪಕ್ಕದಲ್ಲಿಟ್ಟು ತೆಗೆಯೋರಿಗೆ ನಡುವಿನ ಸ್ಪ್ಲಿಟ್‌ಗಿಂತ ಖಾಲಿ ಮ್ಯಾಟ್ ಮತ್ತು ಹುಡ್‌ನೊಳಗಿನ ಭೂತಗನ್ನಡಿ ವಾಸಿ. ಕಟ್ಟಡ ತೆಗೆಯೋರು ಗ್ರಿಡ್ ಗೆರೆ ಇರೋದನ್ನ ತಗೊಳ್ಳಿ.

ಹ್ಯಾಸಲ್‌ಬ್ಲಾಡ್ ಇದ್ದರೆ ಮಾಡೆಲ್ ನೋಡಿ. 1957ರಲ್ಲಿ ಬಂದ 500ಸಿ ಕ್ಯಾಮೆರಾದ ಮೊದಲ ವರ್ಷಗಳ ಬಾಡಿಗಳಲ್ಲಿ ಸ್ಕ್ರೀನ್ ಬದಲಿಸೋದು ಮೆಕ್ಯಾನಿಕ್ ಕೆಲಸ. 1970ರ 500ಸಿ/ಎಂನಲ್ಲಿ ನೀವೇ ಬದಲಿಸಬಹುದು. ಮೀಟರ್ ಇರುವ ಪ್ರಿಸ್ಮ್ ಬಳಸ್ತಿದ್ದರೆ, ಹೊಸ ಸ್ಕ್ರೀನಿನ ಹೆಚ್ಚುವರಿ ಬೆಳಕಿಗೆ ಅದು ಮೋಸ ಹೋಗುತ್ತೆ, ರೀಡಿಂಗ್ ಸರಿಹೊಂದಿಸಿಕೊಳ್ಳಬೇಕು. 124ಜಿಯ ಮೀಟರ್ ಹೊರಗಿರೋದರಿಂದ ಆ ತಲೆನೋವಿಲ್ಲ.

ಕೊನೆಗೆ ಪರೀಕ್ಷೆ

ಎರಡು ಲೆನ್ಸಿನ ಕ್ಯಾಮೆರಾದಲ್ಲಿ ಇದು ಸುಲಭ. ಫಿಲ್ಮ್ ಹಾಕದೆ ಹಿಂಬದಿ ತೆರೆದು, ಫಿಲ್ಮ್ ಹರಿಯುವ ಒಳಗಿನ ಹಳಿಗಳ ಮೇಲೆ ಒಂದು ಗ್ರೌಂಡ್ ಗ್ಲಾಸ್ ತುಂಡನ್ನ ಒರಟು ಮುಖ ಲೆನ್ಸಿನ ಕಡೆಗಿರುವಂತೆ ಇಡಿ. ಶಟರ್ ಬಿ ಮೋಡ್‌ನಲ್ಲಿ ತೆರೆದು ಲಾಕ್ ಮಾಡಿ, ಅಪರ್ಚರ್ ಪೂರ್ತಿ ಬಿಡಿ. ಮೇಲಿನ ಸ್ಕ್ರೀನಿನಲ್ಲಿ ದೂರದ ದೀಪಕ್ಕೆ ಫೋಕಸ್ ಮಾಡಿ, ಹಿಂದಿನ ಗಾಜನ್ನ ಭೂತಗನ್ನಡಿಯಲ್ಲಿ ನೋಡಿ. ಒಂದು ಮೀಟರ್ ದೂರದ ವಸ್ತುವಿಗೂ ಇದನ್ನೇ ಮಾಡಿ. ಎರಡೂ ತಾಳೆಯಾದರೆ ಮಾತ್ರ ರೋಲ್ ಹಾಕಿ.

ಸ್ಕ್ರೀನ್ ಮಾರೋರು ಬೆಳಕನ್ನ ಅಂಗಡಿಯಲ್ಲೇ ತೋರಿಸಬಹುದು, ನಿಖರತೆಯನ್ನ ಹಾಗೆ ತೋರಿಸಕ್ಕಾಗಲ್ಲ. ಹಾಗಾಗಿ ಅದನ್ನ ಕೇಳಿ ಪಡೆಯಬೇಕಾದ್ದು ಕೊಳ್ಳುವವರೇ. ಕನ್ನಡಿ ಶುಚಿಯಾದ ಮೇಲೂ ಕಣ್ಣಿಗೆ ಕಷ್ಟವಾದರೆ ಸ್ಕ್ರೀನ್ ಬದಲಿಸಿ. ಹಳೇದನ್ನ ಮಾತ್ರ ಎಸೀಬೇಡಿ, ಎಷ್ಟು ದಪ್ಪ, ಯಾವ ಕ್ರಮ ಅನ್ನೋದಕ್ಕೆ ಕೈಯಲ್ಲಿರೋ ಅಳತೆಗೋಲು ಅದೇ.