ಇ20 ಸಾಕಾ, ಎಥೆನಾಲ್ ಇಲ್ಲದ ಪೆಟ್ರೋಲೇ ಬೇಕಾ? ಸ್ಕೂಟರ್‌ಗೊಂದು ಲೆಕ್ಕ, ದೋಣಿಗೊಂದು ಲೆಕ್ಕ

ಈ ಎಪಿಸೋಡ್ ಮಾಡೋಕೆ ಕಾರಣ ಎರಡು ಮೆಸೇಜ್. ಒಂದು ಬೆಂಗಳೂರಿಂದ: "ನನ್ನದು 2017ರ ಸ್ಕೂಟರ್. ಮೈಲೇಜ್ ಬಿದ್ದೋಗಿದೆ. 100 ಆಕ್ಟೇನ್ ಪೆಟ್ರೋಲ್ ಹಾಕಿಸ್ಲಾ?" ಇನ್ನೊಂದು ಕುಂದಾಪುರದ ಕಡೆಯಿಂದ: "ಅಣ್ಣನ ದೋಣಿಗೆ ಪೆಟ್ರೋಲ್ ಎಂಜಿನ್ ತಗೊಂಡಿದ್ದೇವೆ, ಬಂಕ್‌ನ ಮಾಮೂಲಿ ಪೆಟ್ರೋಲ್ ಹಾಕಿದ್ರೆ ತೊಂದ್ರೆ ಉಂಟಾ?" ಕೇಳೋಕೆ ಎರಡೂ ಒಂದೇ ಪ್ರಶ್ನೆ. ಆದ್ರೆ ನನ್ನ ಉತ್ತರ ಬೇರೆ ಬೇರೆ. ಸ್ಕೂಟರ್‌ಗೆ ದುಡ್ಡು ಸುರಿಬೇಡಿ. ದೋಣಿ ವಿಷಯದಲ್ಲಿ ಚೌಕಾಸಿ ಮಾಡಬೇಡಿ.

ಮೊದಲು ಬಂಕ್‌ನಲ್ಲಿ ಏನು ಸಿಗ್ತಿದೆ ಅಂತ ನೋಡೋಣ. ಇ20 ಅಂದ್ರೆ 100 ಲೀಟರ್ ಪೆಟ್ರೋಲ್‌ನಲ್ಲಿ 20 ಲೀಟರ್ ಎಥೆನಾಲ್. ಇದು ಶುರುವಾಗಿದ್ದು ನಮ್ಮ ಬೆಂಗಳೂರಲ್ಲೇ, 2023ರ ಫೆಬ್ರವರಿ 6ರಂದು, ಇಂಡಿಯಾ ಎನರ್ಜಿ ವೀಕ್ ಕಾರ್ಯಕ್ರಮದಲ್ಲಿ. ಆಗ ಇದ್ದದ್ದು 84 ಬಂಕ್‌ಗಳಲ್ಲಿ ಮಾತ್ರ. 2030ಕ್ಕೆ ಅಂತ ಇಟ್ಕೊಂಡಿದ್ದ ಗುರಿಯನ್ನ ಸರ್ಕಾರ 2025-26ಕ್ಕೆ ಎಳೆದು ತಂತು. ಈಗ "ಪೆಟ್ರೋಲ್ ಹಾಕಿ" ಅಂದ್ರೆ ಬಹುತೇಕ ಎಲ್ಲ ಕಡೆ ಬೀಳೋದು ಇ20. ಎಥೆನಾಲ್ ಇಲ್ಲದ ಪೆಟ್ರೋಲನ್ನೂ ಆಯ್ಕೆಯಾಗಿ ಇಡಬೇಕು ಅಂತ ಸುಪ್ರೀಂ ಕೋರ್ಟ್‌ಗೆ ಹೋಗಿದ್ದ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯ್ತು. ಹಾಗಾಗಿ ಉಳಿದಿರೋ ದಾರಿ ಒಂದೇ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ಥರದ 100 ಆಕ್ಟೇನ್ ಪೆಟ್ರೋಲ್. ಬೆಲೆ ಮಾಮೂಲಿ ಪೆಟ್ರೋಲಿನ ಸುಮಾರು ಒಂದೂವರೆ ಪಟ್ಟು, ಸಿಗೋದು ಕೆಲವೇ ಬಂಕ್‌ಗಳಲ್ಲಿ. ಒಂದು ವಿಷಯ ನೆನಪಿರಲಿ: "ಪ್ರೀಮಿಯಂ" ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಅದರಲ್ಲಿ ಎಥೆನಾಲ್ ಇಲ್ಲ ಅಂತ ಅಲ್ಲ.

ಈಗ ಲೆಕ್ಕ. ಬಿ.ಕಾಂ ಮಾಡಿದ್ದಕ್ಕೆ ಇಷ್ಟಾದ್ರೂ ಬೇಡ್ವಾ!

ಒಂದು ಲೀಟರ್ ಎಥೆನಾಲ್‌ನಲ್ಲಿರೋ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಐದರಲ್ಲೊಂದು ಪಾಲು ಎಥೆನಾಲ್ ಆದ್ರೆ, ಇ20ಯ ಒಂದು ಲೀಟರ್‌ನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ. 6-7ರಷ್ಟು ಶಕ್ತಿ ಕಮ್ಮಿ. 2021ರ ನೀತಿ ಆಯೋಗದ ವರದಿಯೂ ಇದನ್ನ ಮುಚ್ಚಿಟ್ಟಿಲ್ಲ. ಎಥೆನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸ ಮಾಡಿ, ಇ10ಗೆ ಹೊಂದಿಸಿದ ಗಾಡಿಗಳಿಗೆ ಇ20 ಹಾಕಿದ್ರೆ ಕಾರಿನ ಮೈಲೇಜ್ ಶೇ. 6-7, ಟೂ-ವೀಲರ್‌ದು ಶೇ. 3-4 ಇಳಿಯಬಹುದು ಅಂತ ಅದರಲ್ಲೇ ಬರೆದಿದೆ. ಇ20ಗೇ ಹೊಂದಿಸಿದ ಕಾರುಗಳಲ್ಲಿ ಇಳಿಕೆ ಶೇ. 1-2 ಅಷ್ಟೇ.

ನಿಮ್ಮ ಸ್ಕೂಟರ್ ಲೀಟರಿಗೆ 45 ಕಿ.ಮೀ. ಕೊಡುತ್ತೆ, ತಿಂಗಳಿಗೆ 900 ಕಿ.ಮೀ. ಓಡಿಸ್ತೀರ ಅಂತ ಇಟ್ಕೊಳ್ಳಿ. 20 ಲೀಟರ್ ಬೇಕು. ಲೀಟರಿಗೆ 103 ರೂಪಾಯಿ ಹಿಡಿದ್ರೆ 2,060. ಎಥೆನಾಲ್ ಇಲ್ಲದ್ದು ಹಾಕಿಸಿ ಶೇ. 4ರಷ್ಟು ಪೆಟ್ರೋಲ್ ಉಳಿಸಿದ್ರಿ ಅನ್ನೋಣ. 19.2 ಲೀಟರ್ ಸಾಕು. ಲೀಟರಿಗೆ 160 ಅಂದ್ರೂ 3,072 ರೂಪಾಯಿ. ಅಂದ್ರೆ ಮುಕ್ಕಾಲು ಲೀಟರ್ ಚಿಲ್ಲರೆ ಪೆಟ್ರೋಲ್ ಉಳಿಸೋಕೆ ತಿಂಗಳಿಗೆ ಸಾವಿರ ರೂಪಾಯಿ ಜಾಸ್ತಿ ಕೊಟ್ಟಂಗಾಯ್ತು. ಮೈಲೇಜ್ ಒಂದೇ ಕಾರಣ ಆದ್ರೆ ಈ ವ್ಯಾಪಾರ ಯಾವತ್ತೂ ಗಿಟ್ಟಲ್ಲ.

"ಶಕ್ತಿ ಕಮ್ಮಿ ಇದ್ರೆ ರೇಟೂ ಕಮ್ಮಿ ಇರಬೇಕಲ್ವಾ?" ನ್ಯಾಯವಾದ ಪ್ರಶ್ನೆ. ಗ್ರಾಹಕರಿಗೆ ಬೆಲೆಯಲ್ಲಿ ಪರಿಹಾರ ಸಿಗಬೇಕು ಅನ್ನೋ ಮಾತು ನೀತಿ ಆಯೋಗದ ಅದೇ ವರದಿಯಲ್ಲೂ ಇತ್ತು. ಆಮೇಲೆ ಎಥೆನಾಲ್ ರೇಟೇ ಏರಿತು. 2025ರ ಜುಲೈ ಕೊನೆಗೆ ತೈಲ ಕಂಪನಿಗಳು ಕೊಡ್ತಿದ್ದ ಸರಾಸರಿ ಬೆಲೆ ಲೀಟರಿಗೆ 71 ರೂಪಾಯಿ 32 ಪೈಸೆ, ರಿಫೈನರಿಯಿಂದ ಹೊರಡೋ ಪೆಟ್ರೋಲಿಗಿಂತ ಜಾಸ್ತಿ ಅಂತ ಸರ್ಕಾರವೇ ಹೇಳಿತು. ಈ ದುಡ್ಡು ಕಬ್ಬು, ಮೆಕ್ಕೆಜೋಳ ಬೆಳೆಯೋರಿಗೆ ಹೋಗುತ್ತೆ, ವಿದೇಶಿ ಕಚ್ಚಾತೈಲಕ್ಕಲ್ಲ ಅನ್ನೋದು ವಾದ. ಅದನ್ನ ನಾನು ತಳ್ಳಿಹಾಕಲ್ಲ. ಆದ್ರೆ 2025ರ ನವೆಂಬರ್‌ನಲ್ಲಿ ಬೆಳಗಾವಿಯ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಕೊಡಿ ಅಂತ ರೈತರು ರಸ್ತೆಯಲ್ಲಿ ಕೂತಿದ್ದನ್ನ ನೋಡಿದ್ರೆ, ನಾವು ಕಳ್ಕೊಂಡ ಮೈಲೇಜ್ ಪೂರ್ತಿಯಾಗಿ ಅವರ ಜೇಬು ಸೇರ್ತಿದೆ ಅಂತ ನಂಬೋದು ಕಷ್ಟ. ಇರಲಿ, ಅದು ಇನ್ನೊಂದು ಎಪಿಸೋಡ್‌ನ ವಿಷಯ.

ಗಾಡಿ ಹಾಳಾಗುತ್ತಾ? 2023ರ ಏಪ್ರಿಲ್ ಆದ್ಮೇಲೆ ತಯಾರಾದ ಗಾಡಿ ಆದ್ರೆ ಅದರ ಪೈಪು, ವಾಷರ್‌ಗಳನ್ನ ಇ20 ತಡ್ಕೊಳ್ಳೋ ಹಾಗೇ ಮಾಡಿರ್ತಾರೆ. ಪೆಟ್ರೋಲ್ ಮುಚ್ಚಳದ ಹತ್ತಿರದ ಸ್ಟಿಕ್ಕರ್ ನೋಡಿ, ಇಲ್ಲ ಮ್ಯಾನ್ಯುಯಲ್ ತೆಗೆದು ನೋಡಿ, ಆರಾಮಾಗಿರಿ. ನಿಜವಾಗಿ ಯೋಚನೆ ಮಾಡಬೇಕಿರೋದು ಕಾರ್ಬೊರೇಟರ್ ಇರೋ ಹಳೇ ಗಾಡಿಗಳು. ಟೂ-ವೀಲರ್ ಆದ್ರೆ ಹೆಚ್ಚುಕಮ್ಮಿ 2020ರ ಬಿಎಸ್-6ಗಿಂತ ಹಿಂದಿನವು. ಎಥೆನಾಲ್ ಒಳಗೇ ಆಮ್ಲಜನಕ ಇರುತ್ತೆ. ಇಂಜೆಕ್ಷನ್ ಗಾಡಿ ಸೆನ್ಸರ್ ನೋಡಿ ಸ್ವಲ್ಪ ಮಟ್ಟಿಗೆ ಹೊಂದಿಸ್ಕೊಳ್ಳುತ್ತೆ, ಕಾರ್ಬೊರೇಟರ್‌ಗೆ ಆ ಬುದ್ಧಿ ಇಲ್ಲ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಆಗಿ ಎಂಜಿನ್ ಬಿಸಿ ಏರುತ್ತೆ, ಬೆಳಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ. ಹಳೇ ರಬ್ಬರ್ ಪೈಪು ಉಬ್ಬಬಹುದು, ಬಿರುಕು ಬಿಡಬಹುದು. ಟ್ಯಾಂಕ್‌ನಲ್ಲಿ ವರ್ಷಗಟ್ಟಲೆ ಅಂಟಿಕೊಂಡಿದ್ದ ಗಸಿಯನ್ನ ಎಥೆನಾಲ್ ಎಬ್ಬಿಸಿ ಜೆಟ್‌ಗೆ ತಂದು ಕೂರಿಸುತ್ತೆ. ಇದಕ್ಕೆ ಮದ್ದು ತಿಂಗಳಿಗೆ ಸಾವಿರ ರೂಪಾಯಿಯ ಪೆಟ್ರೋಲ್ ಅಲ್ಲ. ಒಂದ್ಸಲ ಮೆಕ್ಯಾನಿಕ್ ಹತ್ರ ಹೋಗಿ ಪೆಟ್ರೋಲ್ ಪೈಪು, ಫಿಲ್ಟರ್ ಬದಲಿಸಿ, ಕಾರ್ಬೊರೇಟರ್ ಕ್ಲೀನ್ ಮಾಡಿಸಿ ಟ್ಯೂನ್ ಮಾಡಿಸಿ.

ಹಾಗಾದ್ರೆ ದುಬಾರಿ ಪೆಟ್ರೋಲ್ ಯಾರಿಗೆ? ನಿಂತಿರೋ ಗಾಡಿಗೆ. ತಾತನ ಕಾಲದ ಬೈಕು, ವರ್ಷಕ್ಕೆ ಎರಡು ಸಲ ಹೊರಗೆ ಬರೋ ಜೀಪು. ಎಥೆನಾಲ್ ನೀರನ್ನ ಎಳ್ಕೊಳ್ಳುತ್ತೆ. ದಿನಾ ಓಡೋ ಗಾಡಿಯಲ್ಲಿ ನೀರು ಸೇರೋಕೆ ಟೈಮೇ ಇರಲ್ಲ. ಚೂರುಪಾರು ತೇವ ಎಥೆನಾಲ್ ಜೊತೆ ಬೆರೆತು ಉರಿದು ಹೋಗುತ್ತೆ, ಅದು ಒಳ್ಳೇದೇ. ಆದ್ರೆ ತಿಂಗಳುಗಟ್ಟಲೆ ನಿಂತು, ನೀರು ಒಂದು ಮಿತಿ ದಾಟಿದ್ರೆ ಮಿಶ್ರಣ ಒಡೆಯುತ್ತೆ. ಎಥೆನಾಲ್ ನೀರಿನ ಜೊತೆ ಸೇರ್ಕೊಂಡು ಟ್ಯಾಂಕ್‌ನ ತಳಕ್ಕೆ ಇಳಿಯುತ್ತೆ, ಮೇಲೆ ಆಕ್ಟೇನ್ ಕಳ್ಕೊಂಡ ಪೆಟ್ರೋಲ್ ಉಳಿಯುತ್ತೆ. ಮತ್ತೆ ಕಲಕಿದ್ರೆ ಸರಿಹೋಗಲ್ಲ.

ದೋಣಿಗೆ ಬನ್ನಿ. ದೊಡ್ಡ ಟ್ರಾಲ್ ಬೋಟ್‌ಗಳದ್ದು ಡೀಸೆಲ್, ಅವಕ್ಕೂ ಇದಕ್ಕೂ ಸಂಬಂಧ ಇಲ್ಲ. ನಾನು ಹೇಳ್ತಿರೋದು ಹಿಂದೆ ಔಟ್‌ಬೋರ್ಡ್ ಎಂಜಿನ್ ಕಟ್ಟಿದ ನಾಡದೋಣಿ ಬಗ್ಗೆ. ನಮ್ಮ ಕರಾವಳಿಯಲ್ಲಿ ಇವು ಬಹುಕಾಲ ಓಡಿದ್ದು ಸಬ್ಸಿಡಿ ಸೀಮೆಎಣ್ಣೆಯಲ್ಲಿ, ಪೆಟ್ರೋಲ್ ಬೇಕಾಗ್ತಿದ್ದದ್ದು ಸ್ಟಾರ್ಟ್ ಮಾಡೋಕೆ. ಪೂರ್ತಿ ಪೆಟ್ರೋಲ್ ಎಂಜಿನ್‌ಗೆ ಹೋದವರಿಗೆ ಪ್ರಶ್ನೆ ದೊಡ್ಡದಾಗುತ್ತೆ. ಯಾಕಂದ್ರೆ ಯಮಾಹಾ, ಮರ್ಕ್ಯುರಿಯಂಥ ಔಟ್‌ಬೋರ್ಡ್ ಕಂಪನಿಗಳು ಎಥೆನಾಲ್‌ಗೆ ಇಟ್ಟಿರೋ ಮಿತಿ ಶೇ. 10. ಬಂಕ್‌ನಲ್ಲಿ ಸಿಗೋದು ಶೇ. 20. ಅಮೆರಿಕದಲ್ಲಿ ಇ15 ಪೆಟ್ರೋಲನ್ನೇ ಬೋಟಿಗೆ ಹಾಕೋ ಹಾಗಿಲ್ಲ, ಪಂಪಿನ ಮೇಲೇ ಎಚ್ಚರಿಕೆ ಅಂಟಿಸಿರ್ತಾರೆ. ಬೋಟಿನವರಿಗಂತ ಎಥೆನಾಲ್ ಇಲ್ಲದ ಪೆಟ್ರೋಲ್ ಬೇರೆಯಾಗಿ ಸಿಗುತ್ತೆ.

ದೋಣಿಯಲ್ಲಿ ನೀರು ಬರೀ ಗಾಳಿಯಿಂದ ಬರಲ್ಲ. ಅಲೆ ಎರಚುತ್ತೆ, ಮಳೆ ಸುರಿಯುತ್ತೆ, ಟ್ಯಾಂಕಿನ ಗಾಳಿಕಿಂಡಿ ತೆರೆದೇ ಇರುತ್ತೆ. ಇ10 ಪೆಟ್ರೋಲ್ ಒಡೆಯೋಕೆ ಸುಮಾರು ಶೇ. 0.5ರಷ್ಟು ನೀರು ಸಾಕು. 25 ಲೀಟರ್ ಕ್ಯಾನಿಗೆ 125 ಎಂ.ಎಲ್., ಅಂದ್ರೆ ಒಂದು ಟೀ ಲೋಟ. ಇ20 ಇನ್ನೂ ಸ್ವಲ್ಪ ಜಾಸ್ತಿ ತಡ್ಕೊಳ್ಳುತ್ತೆ, ಆದ್ರೆ ಒಡೆದಾಗ ತಳಕ್ಕೆ ಕೂರೋ ಪದರವೂ ದೊಡ್ಡದೇ. ಎಂಜಿನ್ ಪೆಟ್ರೋಲ್ ಎಳೆಯೋದು ತಳದಿಂದ. ಟೂ-ಸ್ಟ್ರೋಕ್ ಆದ್ರೆ ಇನ್ನೂ ಕೆಟ್ಟದು: ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲ್‌ನಲ್ಲೇ ಉಳಿದು, ಎಂಜಿನ್‌ಗೆ ಹೋಗೋದು ಆಯಿಲ್ಲೇ ಇಲ್ಲದ ನೀರು-ಎಥೆನಾಲ್. ಪಿಸ್ಟನ್ ಹಿಡ್ಕೊಳ್ಳುತ್ತೆ.

ರಸ್ತೆಯಲ್ಲಿ ಗಾಡಿ ನಿಂತ್ರೆ ತಳ್ಕೊಂಡು ಹೋಗಬಹುದು. ಜೂನ್, ಜುಲೈನಲ್ಲಿ ಟ್ರಾಲಿಂಗ್ ನಿಷೇಧ ಇದ್ದಾಗ ನೀರಿಗಿಳಿಯೋದು ಈ ನಾಡದೋಣಿಗಳೇ, ಅದೂ ಮಳೆಗಾಲದ ಕಡಲಿಗೆ. ಅಳಿವೆ ಬಾಗಿಲಲ್ಲಿ ಅಲೆ ಏಳೋವಾಗ ಎಂಜಿನ್ ಆಫ್ ಆದ್ರೆ ದೋಣಿ ಅಡ್ಡ ತಿರುಗುತ್ತೆ. ಆಗ ಲೀಟರಿಗೆ ಉಳಿಸಿದ 57 ರೂಪಾಯಿ ಯಾರ ನೆನಪಿಗೂ ಬರಲ್ಲ.

ಹಾಗಂತ ಸುಲಭ ಅಂತ ಹೇಳ್ತಿಲ್ಲ. ದಿನಕ್ಕೆ ಹತ್ತಾರು ಲೀಟರ್ ಸುಡೋ ಮೀನುಗಾರನಿಗೆ ಒಂದೂವರೆ ಪಟ್ಟು ಬೆಲೆ ಕೊಡಿ ಅನ್ನೋದು ಎಸಿ ರೂಮಿನ ಸಲಹೆ. ನನ್ನ ಪ್ರಕಾರ, ಇ20 ಕೊಡೋ ಸರ್ಕಾರವೇ ದೋಣಿಗಳಿಗೆ ಶೇ. 10ರೊಳಗಿನ ಪೆಟ್ರೋಲನ್ನ ಬಂದರಿನ ಬಂಕ್‌ಗಳಲ್ಲಿ ಸರಿಯಾದ ಬೆಲೆಗೆ ಇಡಬೇಕು. ಅದು ಬರೋವರೆಗೆ, ಎಂಜಿನ್ ಮ್ಯಾನ್ಯುಯಲ್‌ನಲ್ಲಿ ಎಥೆನಾಲ್ ಮಿತಿ ಎಷ್ಟು ಅಂತ ಮೊದಲು ಓದಿ. 100 ಆಕ್ಟೇನ್ ಹತ್ತಿರದಲ್ಲಿ ಸಿಕ್ರೆ ಅದನ್ನೇ ಹಾಕಿ. ಸಿಗದೆ ಇ20 ಹಾಕಲೇಬೇಕಾದ್ರೆ ಆ ದಿನಕ್ಕೆ ಬೇಕಾದಷ್ಟೇ ತಗೊಳ್ಳಿ, ಕ್ಯಾನಿನ ಮುಚ್ಚಳ ಬಿಗಿಯಾಗಿರಲಿ. ಪೆಟ್ರೋಲ್ ಪೈಪಿಗೆ ನೀರು ಬೇರ್ಪಡಿಸೋ ಫಿಲ್ಟರ್ ಹಾಕಿಸಿ, ಹೊರಡೋ ಮುಂಚೆ ಅದರ ತಳದ ಬಟ್ಟಲನ್ನ ಬೆಳಕಿಗೆ ಹಿಡಿದು ನೋಡಿ. ಎರಡು ಪದರ ಕಂಡ್ರೆ ಆ ಪೆಟ್ರೋಲ್ ಎಂಜಿನ್‌ಗೆ ಬೇಡ. ಸೀಸನ್ ಮುಗಿದು ಎಂಜಿನ್ ಬಿಚ್ಚಿಡೋವಾಗ ಟ್ಯಾಂಕ್ ಖಾಲಿ ಮಾಡಿ, ಪೈಪಿನಲ್ಲಿ ಉಳಿದಿರೋದು ಮುಗಿಯೋವರೆಗೂ ಎಂಜಿನ್ ಓಡಿಸಿ ಆಮೇಲೆ ಒಳಗಿಡಿ.